ಕಲ್ಲಿನ ಮೇಲಿರುವುದು ಮಲ್ಲಪ್ಪನೋ, ಮಾಳಪ್ಪನೋ?

ಎಲ್ಲರಿಗೂ ನಮಸ್ಕಾರ. ಒಂದು ಹೆಸರು ಓದಲು ನಿಮ್ಮ ನೆರವು ಬೇಕು. ಯಾದಗಿರಿ ಜಿಲ್ಲೆಯ ನಮ್ಮೂರಲ್ಲಿ, ಎರಡನೇ ಮಹಾಯುದ್ಧದಲ್ಲಿ ತೀರಿಹೋದ ಊರಿನ ಸಿಪಾಯಿಗಳ ಹೆಸರು ಕೆತ್ತಿದ ಕಲ್ಲೊಂದಿದೆ. ಅಕ್ಷರ ಇಂಗ್ಲಿಷಿನವು. ಅದರ ಪಕ್ಕಕ್ಕೆ ಈಗ ಕನ್ನಡ ಫಲಕ ಹಾಕುತ್ತಿದ್ದಾರೆ. ತಕರಾರು ಇರುವುದು ಒಂದೇ ಹೆಸರಿನದು: ಎಂ ಎ ಎಲ್ ಎ ಪಿ ಎ. ತಂದೆಯ ಹೆಸರು ಎಸ್ ಎ ಬಿ ಎ ಎನ್ ಎ. ಕೆಳಗೆ 'ಹೈದರಾಬಾದ್, 1941' ಅಂತಷ್ಟೇ ಇದೆ.

ಫಲಕದ ಕರಡಿನಲ್ಲಿ 'ಮಲ್ಲಪ್ಪ ತಂದೆ ಸುಬ್ಬಣ್ಣ' ಅಂತ ಬರೆದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಸುಬ್ಬಣ್ಣ ಆಗಿದ್ದರೆ ಎಸ್ ಆದಮೇಲೆ ಯು ಬರಬೇಕಿತ್ತು, ಅಲ್ವಾ? ಶಹಾಪುರ, ಸುರಪುರ, ಯಾದಗಿರಿ ಕಡೆ ಸಾಬಣ್ಣ ಅನ್ನುವ ಹೆಸರು ಎಷ್ಟು ಜನಕ್ಕಿದೆ ನೋಡಿ, ಹುಸೇನಪ್ಪ, ಮೌಲಪ್ಪ ಇದ್ದ ಹಾಗೆ, ಅದೂ ಹಿಂದೂ ಮನೆಗಳಲ್ಲೇ. ಈ ಭಾಗದ ಪರಿಚಯ ಇಲ್ಲದವರು ಅದನ್ನು ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ.

ಮಗನ ಹೆಸರು ಇನ್ನೂ ಕಷ್ಟ. ಮಲ್ಲಪ್ಪ ಅಂದರೆ ಮಲ್ಲಯ್ಯನಿಗೆ ನಡೆದುಕೊಳ್ಳುವ ಮನೆಯವನು. ಮಾಳಪ್ಪ ಅಂದರೆ ಮಾಳಿಂಗರಾಯನ ಒಕ್ಕಲು, ಕುರುಬರಲ್ಲಿ ಈ ಹೆಸರು ಜಾಸ್ತಿ. ದೇವರೇ ಬೇರೆ, ಮನೆತನವೇ ಬೇರೆ. ಕಲ್ಲಿನಲ್ಲಿ ಎಲ್ ಒಂದೇ ಇರುವುದರಿಂದ ನನ್ನ ಓದು ಮಾಳಪ್ಪ. ಆದರೆ ಪಿ ಕೂಡ ಒಂದೇ ಇದೆ, ಹಾಗಾಗಿ ಕೆತ್ತಿದವರು ಒತ್ತನ್ನೇ ಬಿಟ್ಟಿರಬಹುದು ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಇದನ್ನು ಬಗೆಹರಿಸಲು ಉರ್ದು ಕಾಗದ ಬೇಕು. ನಿಜಾಮರ ಕಾಲದಲ್ಲಿ ನಮ್ಮ ಕಡೆಯ ಸರ್ಕಾರಿ ದಾಖಲೆಗಳು ಹೆಚ್ಚಾಗಿ ಆ ಭಾಷೆಯಲ್ಲೇ ಇರುತ್ತಿದ್ದವು. ಉರ್ದುವಿನಲ್ಲಿ ಳಕಾರ ಇಲ್ಲ, ಒತ್ತು ತೋರಿಸುವ ತಷ್ದೀದ್ ಗುರುತನ್ನೂ ಬರೆಯುವಾಗ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ 'ಮಾ' ಬರೆಯಬೇಕಾದರೆ ಮೀಮ್ (ಮ ಅಕ್ಷರ) ಪಕ್ಕ ಅಲಿಫ್ (ಆ ಅಕ್ಷರ) ಹಾಕಲೇಬೇಕು. ಅಲಿಫ್ ಇದ್ದರೆ ಮಾಳಪ್ಪ, ಮೀಮ್ ಆದಮೇಲೆ ನೇರವಾಗಿ ಲಾಮ್ (ಲ ಅಕ್ಷರ) ಬಂದರೆ ಮಲ್ಲಪ್ಪ. ಸಾಬಣ್ಣನಿಗೂ ಇದೇ ಪರೀಕ್ಷೆ ಸಾಕು.

ಇನ್ನೊಂದು ಮಾತು. ಕಲ್ಲಿನ ಮೇಲಿನ 'ಹೈದರಾಬಾದ್' ಅನ್ನುವುದು ಸೈನ್ಯದ ಪಡೆಯ ಹೆಸರಿರಬಹುದು. ಆ ಹೆಸರಿನ ಎರಡು ಬೇರೆ ಬೇರೆ ಪಡೆಗಳು ಮಲಯಾದಲ್ಲಿ (ಈಗಿನ ಮಲೇಷ್ಯಾ ಕಡೆ) ಹೋರಾಡಿವೆ. ನಿಜಾಮರ ಸ್ವಂತ ಸೈನ್ಯದ 1ನೇ ಹೈದರಾಬಾದ್ ಇನ್‌ಫೆಂಟ್ರಿ 1941ರ ಡಿಸೆಂಬರಿನಲ್ಲಿ, ಜಪಾನಿನವರು ಬಂದಿಳಿದ ಕೋಟ ಭಾರುವಿನಲ್ಲಿ ವಿಮಾನ ನಿಲ್ದಾಣ ಕಾಯುತ್ತಿತ್ತು. ಇನ್ನೊಂದು ಬ್ರಿಟಿಷ್ ಭಾರತದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ಆ ರೆಜಿಮೆಂಟಿಗೆ 1945ರಲ್ಲಿ ಕುಮಾವ್ ರೆಜಿಮೆಂಟ್ ಅಂತ ಹೆಸರಾಯಿತು. ಅಲ್ಲಿ ಸತ್ತು ಗೋರಿಯೂ ಸಿಗದವರನ್ನು ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದಲ್ಲಿ ನೆನೆದಿದ್ದಾರೆ, 24,000ಕ್ಕೂ ಹೆಚ್ಚು ಹೆಸರುಗಳಿವೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಇವನ್ನು ಹುಡುಕಬಹುದು. ಹುಡುಕುವಾಗ ಎರಡೂ ಪಡೆ ನೋಡಿ, ಎಲ್ ಒಂದು ಹಾಕಿ, ಎರಡು ಹಾಕಿ ನೋಡಿ. ಜಿಲ್ಲೆ ಮಾತ್ರ ಗುಲ್ಬರ್ಗಾ, ಆಗ ಯಾದಗಿರಿ ಬೇರೆ ಜಿಲ್ಲೆ ಆಗಿರಲಿಲ್ಲ.

ಉರ್ದು ಓದುವ ಹಿರಿಯರು, ಹಳೆಯ ಪಿಂಚಣಿ ಕಾಗದ ಅಥವಾ ಪಹಣಿ ಇಟ್ಟುಕೊಂಡ ಮನೆಯವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ. ಫಲಕ ಇನ್ನೂ ಕೆತ್ತನೆಗೆ ಹೋಗಿಲ್ಲ, ಅಷ್ಟರೊಳಗೆ ಉತ್ತರ ಬಂದರೆ ತಿದ್ದಿಸುತ್ತೇನೆ.