ಸಹಾಯ ಬೇಕು: ಎಡಗೈ ಆಟಗಾರ್ತಿಯ ಹಿಡಿತದ ಬಲ

ನಮಸ್ಕಾರ. ಶಾಲಾ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತೇನೆ. ಹಿಡಿತದ ಬಲವನ್ನು ಡೈನಮೋಮೀಟರಿನಲ್ಲಿ ಅಳೆಯುತ್ತೇವೆ: ಮೊಣಕೈ 90 ಡಿಗ್ರಿ ಮಡಿಸಿ, ಪ್ರತಿ ಕೈಗೂ 3 ಬಾರಿ, ಆಮೇಲೆ ಸರಾಸರಿ. ಬಲಗೈ ರೂಢಿಯವರಲ್ಲಿ ಬಲಗೈ ಸುಮಾರು ಶೇ 10ರಷ್ಟು ಗಟ್ಟಿ ಎಂಬುದು ಹಳೆಯ ಲೆಕ್ಕ. ಎಡಗೈಯವರಿಗೆ ಅದು ಹೊಂದುವುದಿಲ್ಲ. ಅನೇಕರಲ್ಲಿ ಎರಡೂ ಕೈ ಹೆಚ್ಚುಕಡಿಮೆ ಸಮ. ಕತ್ತರಿಯಿಂದ ಊಟದವರೆಗೆ ನಮ್ಮಲ್ಲಿ ಎಲ್ಲವೂ ಬಲಗೈಯನ್ನೇ ದುಡಿಸುತ್ತವೆ, ಕಾರಣ ಅದೇ ಇರಬೇಕೆಂದು ನನ್ನ ಅನಿಸಿಕೆ.

ಎಡಗೈಯಲ್ಲಿ ಆಡುವ ನನ್ನ ಶಿಷ್ಯೆಯೊಬ್ಬಳಿಗೂ ಎರಡೂ ಕೈಗಳ ಅಳತೆ ಸಮವಾಗಿ ಬಂದಿದೆ. ತಂದೆ ತಾಯಿ ಇದನ್ನು ದೌರ್ಬಲ್ಯವೆಂದು ಹೆದರಿದ್ದಾರೆ. ಚೆನ್ನಾಗಿ ಆಡುವ ಹುಡುಗಿ, ಅವಳ ಧೈರ್ಯ ಕುಂದಬಾರದು. ರಾಕೆಟ್ ಹಿಡಿಯುವ ಕೈಗೆ ಪ್ರತ್ಯೇಕ ವ್ಯಾಯಾಮ ಬೇಕೇ, ಎರಡನ್ನೂ ಸಮನಾಗಿ ಬೆಳೆಸಬೇಕೇ? ಎಡಗೈಯವರನ್ನು ತರಬೇತುಗೊಳಿಸಿದ ಕೋಚ್‌ಗಳು, ಫಿಸಿಯೋಥೆರಪಿಸ್ಟರು ದಯವಿಟ್ಟು ತಿಳಿಸಿ.