ಪಿಕಪ್ ಡಿಫರೆನ್ಷಿಯಲ್ ಗುಂಯ್ ಅಂತಿದೆ: ರಿಪೇರಿನಾ, ಹಳೇದು ತಂದು ಹಾಕೋದಾ?

ಪ್ರಶ್ನೆ:
ಕೋಲಾರದಿಂದ ಯಶವಂತಪುರಕ್ಕೆ ತರಕಾರಿ ಹೊಡೀತೀನಿ. ಆಕ್ಸಿಲರೇಟರ್ ಒತ್ತಿದ್ರೆ ಹಿಂದಿನಿಂದ ಗುಂಯ್ ಅನ್ನುತ್ತೆ, ಕಾಲು ತೆಗೆದ್ರೆ ನಿಲ್ಲುತ್ತೆ. ಆಯಿಲ್ ಇಳಿಸಿದಾಗ ನುಚ್ಚಕ್ಕಿಯಷ್ಟು ದಪ್ಪದ ಕಬ್ಬಿಣದ ಚೂರು ಬಂತು. ಕಲಾಸಿಪಾಳ್ಯದಲ್ಲಿ ಹಳೇ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳನ್ನ ತಿರುಗಿಸೋ ಗೇರ್ ಡಬ್ಬ) ತಂದು ಕೂರಿಸೋಣ ಅಂತಾರೆ ಮೆಕ್ಯಾನಿಕ್. ಒಪ್ಪಲಾ?

ಉತ್ತರ 1:
ಅಣ್ಣ, ಚೂರು ಬಂದ ಮೇಲೆ ಗಾಡಿ ಓಡಿಸಬೇಡಿ. ಪಿನಿಯನ್ (ಅದರೊಳಗಿನ ಚಿಕ್ಕ ಗೇರ್) ಜಾಮ್ ಆದ್ರೆ ಹೈವೇಲಿ ಹಿಂದಿನ ಚಕ್ರಗಳೇ ಲಾಕ್ ಆಗಬಹುದು. ಮೊದಲು ಬಿಚ್ಚಿಸಿ, ಹಲ್ಲು ನೋಡಿ. ಕ್ರೌನ್ (ಪಿನಿಯನ್ ತಿರುಗಿಸೋ ದೊಡ್ಡ ಗೇರ್), ಪಿನಿಯನ್ ಎರಡೂ ಜೋಡಿಯಾಗೇ ಬದಲಾಗಬೇಕು. ಕಂಪನಿಯಲ್ಲಿ ಒಂದಕ್ಕೊಂದು ಉಜ್ಜಿ ಕೂರಿಸಿರ್ತಾರೆ. ಬೇರಿಂಗ್, ಆಯಿಲ್ ಸೀಲ್ ಹೊಸದೇ ಹಾಕಿಸಿ. ಪಿನಿಯನ್‌ಗೆ ಕ್ರಷ್ ಸ್ಲೀವ್ (ಬಿಗಿ ಮಾಡುವಾಗ ಅಮುಕಿ ಕುಗ್ಗೋ ಕೊಳವೆ) ಇದ್ರೆ ಅದೂ ಹೊಸದೇ, ಒಮ್ಮೆ ಅಮುಕಿದ್ದು ಮತ್ತೆ ಕೆಲಸಕ್ಕೆ ಬರಲ್ಲ.

ನಿಜವಾದ ಕೆಲಸ ಇರೋದು ಸೆಟ್ಟಿಂಗಲ್ಲಿ. ಡಯಲ್ ಗೇಜ್ ಇಟ್ಟು ಎರಡೂ ಗೇರ್ ಹಲ್ಲುಗಳ ನಡುವಿನ ಸಡಿಲ, ಅಂದ್ರೆ ಬ್ಯಾಕ್‌ಲ್ಯಾಶ್ ಅಳೀಬೇಕು. ಮ್ಯಾನ್ಯುಯಲ್ ಹೇಳಿದ ಅಳತೆ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ. ಆಸುಪಾಸು ಇರುತ್ತೆ. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ಮಧ್ಯಕ್ಕೆ ಬೀಳಬೇಕು. ಅಂಚಿಗೆ ಬಿದ್ರೆ ಶಿಮ್ (ಅಳತೆ ಹೊಂದಿಸೋ ತೆಳು ಬಿಲ್ಲೆ) ಬದಲಿಸಿ ಮತ್ತೆ ನೋಡಬೇಕು. ಗೇಜ್ ಇಲ್ಲದೆ ಕೈಯಲ್ಲಿ ಅಲ್ಲಾಡಿಸಿ ‘ಸರಿ ಇದೆ’ ಅನ್ನೋರ ಹತ್ರ ದಯವಿಟ್ಟು ಬಿಡಬೇಡಿ.

ಉತ್ತರ 2:
ಹಳೇದೇ ತರೋದಾದ್ರೆ ಕ್ರೌನ್ ಹಲ್ಲು, ಪಿನಿಯನ್ ಹಲ್ಲು ಎಣಿಸಿ. 41ಕ್ಕೆ 10 ಇದ್ದ ಜಾಗಕ್ಕೆ 41ಕ್ಕೆ 11 ಹಾಕಿದ್ರೆ ಲೋಡಲ್ಲಿ ಏರು ಹತ್ತೋಕೆ ಒದ್ದಾಡುತ್ತೆ.

ಪ್ರಶ್ನೆ ಕೇಳಿದವರು:
ಗಾಡಿ ನಿಲ್ಲಿಸಿದೀನಿ. ಜೆ.ಸಿ. ರಸ್ತೆಯಲ್ಲಿ ಹೊಸ ಜೋಡಿ ವಿಚಾರಿಸ್ತೀನಿ. ಯಾವ ಆಯಿಲ್ ಹಾಕಿಸಲಿ?

ಉತ್ತರ 1:
ಜಿಎಲ್-5 ದರ್ಜೆಯ ಗೇರ್ ಆಯಿಲ್. ಗ್ರೇಡ್ (ಆಯಿಲ್ ಎಷ್ಟು ಗಟ್ಟಿ ಇರಬೇಕು ಅನ್ನೋದು) ಮ್ಯಾನ್ಯುಯಲ್‌ನಲ್ಲಿದೆ. ಹಾಕೋ ಮುಂಚೆ ಹೌಸಿಂಗ್ ಒಳಗೆ ಡೀಸೆಲ್‌ನಲ್ಲಿ ಚೆನ್ನಾಗಿ ತೊಳೆಸಿ, ಆ ಚೂರು ಒಂದೂ ಉಳಿಯಬಾರದು.