ಟ್ರ್ಯಾಕರ್ ಇದ್ದರೂ ನಕ್ಷತ್ರಗಳು ಗೆರೆ ಎಳೆಯುತ್ತಿವೆ, ರಾತ್ರಿ ಹತ್ತರ ಮೇಲೆ ಊದಿಕೊಳ್ಳುತ್ತಿವೆ (ಸೋಮವಾರಪೇಟೆ)

ಕಾಫಿಕಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರ ತೋಟದ ಮನೆ. ಕ್ಯಾಮೆರಾ ಕ್ಯಾನನ್ 200ಡಿ, ಲೆನ್ಸ್ 200 ಎಂಎಂ, ಕೆಳಗೆ ಒಂದು ಸಣ್ಣ ಸ್ಟಾರ್ ಟ್ರ್ಯಾಕರ್ (ಆಕಾಶ ಸರಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಮೋಟರ್ ಸಾಧನ). ಒರಾಯನ್ ನೆಬ್ಯುಲಾ ತೆಗೆಯುತ್ತಿದ್ದೇನೆ. ಒಂದೊಂದು ಫೋಟೊ 90 ಸೆಕೆಂಡ್.

ತೊಂದರೆ ಎರಡು. ಶುರುವಿನಿಂದಲೇ ನಕ್ಷತ್ರಗಳು ಚುಕ್ಕಿಯಾಗಿ ಬರುವುದಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಗೆರೆ. ಜೂಮ್ ಮಾಡಿ ನೋಡಿದರೆ ಹನ್ನೆರಡು ಪಿಕ್ಸೆಲ್ ಆಸುಪಾಸು ಉದ್ದ. ಹತ್ತು ಗಂಟೆಯ ಮೇಲೆ ಅದರ ಜೊತೆಗೆ ನಕ್ಷತ್ರಗಳು ಊದಿಕೊಂಡು ಸುತ್ತ ಬೆಳ್ಳಗೆ ಹರಡಿಕೊಳ್ಳುತ್ತವೆ. ಮೋಟರ್ ಕೆಟ್ಟಿದೆ ಅಂತ ನನ್ನ ಅನುಮಾನ. ಅಂಗಡಿಯವರು ವಾಪಸ್ ಕಳಿಸಿ ಅಂತಿದ್ದಾರೆ.

ಧ್ರುವ ನಕ್ಷತ್ರ ನಮಗೆ ಕಾಣುವುದೇ ಇಲ್ಲ. ಉತ್ತರಕ್ಕೆ ಗುಡ್ಡ, ಅದರ ಮೇಲೆ ಸಾಲು ಸಿಲ್ವರ್ ಓಕ್. ಹಾಗಾಗಿ ಫೋನಿನ ಕಂಪಾಸ್ ನೋಡಿ ಟ್ರ್ಯಾಕರ್ ತಿರುಗಿಸಿ ಇಡುತ್ತೇನೆ. ಕಣದಲ್ಲಿ ಈಗ ಕಾಫಿ ಹರಡಿದೆ, ಅದಕ್ಕೆ ತಾರಸಿ ಮೇಲೆ ನಿಲ್ಲಿಸಿದ್ದೇನೆ. ಕೆಳಗಿನ ಗದ್ದೆಯಿಂದ ಉತ್ತರ ಚೆನ್ನಾಗಿ ಕಾಣುತ್ತದೆ. ಅಲ್ಲಿಗೆ ಹೋಗಲಾ?

ಬೆಟ್ಟದತುದಿ:

ಟ್ರ್ಯಾಕರ್ ವಾಪಸ್ ಕಳಿಸಬೇಡಿ, ಸುಮ್ನೆ ಕೊರಿಯರ್ ಖರ್ಚು. ನಿಮ್ಮ ಮೋಟರ್ ಓಡುತ್ತಿದೆ. ಹೇಗೆ ಅಂದರೆ, ಆಕಾಶ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಅಂದರೆ ಒಂದು ಆರ್ಕ್ ಸೆಕೆಂಡ್) ಸರಿಯುತ್ತದೆ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.72 ಮೈಕ್ರಾನ್. 200 ಎಂಎಂ ಲೆನ್ಸಿನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 3.8 ಆರ್ಕ್ ಸೆಕೆಂಡ್. ಮೋಟರ್ ನಿಂತೇ ಹೋಗಿದ್ದರೆ 90 ಸೆಕೆಂಡಿಗೆ 350 ಪಿಕ್ಸೆಲ್ ಉದ್ದದ ಗೆರೆ ಬರಬೇಕಿತ್ತು. ಟ್ರ್ಯಾಕರಿನ ಉತ್ತರ-ದಕ್ಷಿಣ ಗೋಳಾರ್ಧದ ಸ್ವಿಚ್ ತಪ್ಪಾಗಿದ್ದರೆ ಅದರ ಎರಡರಷ್ಟು. ನಿಮಗೆ ಬರುತ್ತಿರುವುದು ಹನ್ನೆರಡು.

ಹನ್ನೆರಡು ಪಿಕ್ಸೆಲ್ ಅಂದರೆ ಟ್ರ್ಯಾಕರ್ ತಿರುಗುವ ಅಕ್ಷ ಧ್ರುವದಿಂದ (ಇಡೀ ಆಕಾಶ ಸುತ್ತುವಂತೆ ಕಾಣುವ ಉತ್ತರದ ಬಿಂದು) ಕಡಿಮೆ ಅಂದರೂ 2 ಡಿಗ್ರಿ ಆಚೆ ಇದೆ. 1 ಡಿಗ್ರಿ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್ ಸೆಕೆಂಡ್ ಜಾರುತ್ತದೆ. ನೀವೇ ಗುಣಿಸಿ ನೋಡಿ. ಫೋನಿನ ಕಂಪಾಸ್‌ಗೆ 2-3 ಡಿಗ್ರಿ ತಪ್ಪುವುದು ದೊಡ್ಡ ವಿಷಯವೇ ಅಲ್ಲ. ಅದರಲ್ಲೂ ತಾರಸಿ ಒಳಗೆ ಕಬ್ಬಿಣದ ಸರಳು, ಪಕ್ಕದಲ್ಲಿ ನೀರಿನ ಟ್ಯಾಂಕಿನ ಸ್ಟ್ಯಾಂಡ್. ಫೋನ್ ಒಂದು ಅಡಿ ಆಚೀಚೆ ಸರಿಸಿದರೆ ಸೂಜಿ ಬೇರೆ ಕಡೆ ತೋರಿಸುತ್ತದೆ.

ಒಂದು ಖಾತ್ರಿ ಮಾಡಿಕೊಳ್ಳಿ. ಗೆರೆ ಉತ್ತರ-ದಕ್ಷಿಣವಾಗಿದ್ದರೆ ಅಕ್ಷದ ತಪ್ಪು. ಪೂರ್ವ-ಪಶ್ಚಿಮವಾಗಿದ್ದರೆ ಆಗ ಮೋಟರ್, ಗೇರ್, ತೂಕದ ಬ್ಯಾಲೆನ್ಸ್ ನೋಡಬೇಕು. ಮೂಲೆಗಳಲ್ಲಿ ಮಾತ್ರ ನಕ್ಷತ್ರ ಬಾಲ ಬಿಟ್ಟರೆ ಅದು ಲೆನ್ಸಿನ ಗುಣ, ಅಪರ್ಚರ್ (ಬೆಳಕಿನ ಕಿಂಡಿ) ಒಂದೆರಡು ಸ್ಟಾಪ್ ಕಿರಿದು ಮಾಡಿ.

ಕಾಫಿಕಣ:

ಉತ್ತರ-ದಕ್ಷಿಣವೇ ಇದೆ ಸರ್. ಧ್ರುವ ನಕ್ಷತ್ರ ಕಾಣದಿದ್ದರೆ ಸರಿಪಡಿಸುವುದು ಹೇಗೆ?

ಬೆಟ್ಟದತುದಿ:

ಕೊಡಗಿನಲ್ಲಿ ಇದು ಎಲ್ಲರ ಪಾಡು. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ ಆಸುಪಾಸು, ಧ್ರುವ ನಕ್ಷತ್ರವೂ ಅಷ್ಟೇ ಎತ್ತರದಲ್ಲಿರುತ್ತದೆ. ಒಂದು ಸಣ್ಣ ಗುಡ್ಡ ಸಾಕು ಮುಚ್ಚಲು. ಕಂಡರೂ ಅದು ನಿಜವಾದ ಧ್ರುವದಿಂದ ಸುಮಾರು 40 ಆರ್ಕ್ ಮಿನಿಟ್ (ಡಿಗ್ರಿಯ ಮೂರರಲ್ಲಿ ಎರಡು ಪಾಲು) ಪಕ್ಕದಲ್ಲಿದೆ. ನೇರ ಅದಕ್ಕೇ ಗುರಿ ಇಟ್ಟರೆ ನಿಮ್ಮ 90 ಸೆಕೆಂಡಿನಲ್ಲಿ 4 ಪಿಕ್ಸೆಲ್ ಹೋಯಿತು ಅಂತಲೇ ಲೆಕ್ಕ.

ಮೊದಲು ಅಕ್ಷದ ಎತ್ತರ. ಟ್ರ್ಯಾಕರ್ ಮೈ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ನಿಮ್ಮ ಊರಿನ ಅಕ್ಷಾಂಶಕ್ಕೆ ಕೂರಿಸಿ. ಇದು ಅರ್ಧ ಡಿಗ್ರಿಯೊಳಗೆ ಸಿಗುತ್ತದೆ, ಕಂಪಾಸ್‌ನ ಹಾಗೆ ಕೈ ಕೊಡುವುದಿಲ್ಲ.

ಆಮೇಲೆ ದಿಕ್ಕು. ಒರಾಯನ್ ಬೆಲ್ಟಿನ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ಕಡೆಯದು ಮಿಂಟಾಕ. ಅದು ಹೆಚ್ಚುಕಡಿಮೆ ಆಕಾಶದ ವಿಷುವದ್ ವೃತ್ತದ (ಭೂಮಧ್ಯರೇಖೆಯ ನೇರ ಮೇಲಿನ ಗೆರೆ) ಮೇಲೇ ಇದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. ಜನವರಿ ನಡುವಿನಲ್ಲಿ ರಾತ್ರಿ ಹತ್ತೂಕಾಲು-ಹತ್ತೂವರೆಗೆ ನಮ್ಮ ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ ಬರುತ್ತದೆ. ಅದನ್ನು ಚಿತ್ರದ ಮಧ್ಯಕ್ಕೆ ತಂದು ಒಂದು ಫೋಟೊ ತೆಗೆಯಿರಿ. ಏನನ್ನೂ ಮುಟ್ಟದೆ 5 ನಿಮಿಷ ಬಿಟ್ಟು ಇನ್ನೊಂದು. ನಕ್ಷತ್ರ ದಕ್ಷಿಣಕ್ಕೆ ಜಾರಿದ್ದರೆ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ, ಪಶ್ಚಿಮಕ್ಕೆ ತನ್ನಿ. ಉತ್ತರಕ್ಕೆ ಜಾರಿದ್ದರೆ ಉಲ್ಟಾ. ಚಿತ್ರದಲ್ಲಿ ದಕ್ಷಿಣ ಯಾವ ಕಡೆ ಅಂತ ಗೊತ್ತಾಗದಿದ್ದರೆ ಕೊನೆಯಲ್ಲಿ ಕ್ಯಾಮೆರಾವನ್ನು ತುಸು ಉತ್ತರಕ್ಕೆ ಬಾಗಿಸಿ ಮತ್ತೊಂದು ಫೋಟೊ ತೆಗೆಯಿರಿ, ನಕ್ಷತ್ರ ಹೋದ ಬದಿಯೇ ದಕ್ಷಿಣ.

ಎತ್ತರವನ್ನೂ ಹೀಗೇ ತಿದ್ದಬಹುದು. ಪೂರ್ವದಲ್ಲಿ 20-25 ಡಿಗ್ರಿ ಮೇಲೆ ಬಂದಿರುವ ಮಘಾ ನಕ್ಷತ್ರ ಹಿಡಿಯಿರಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಎರಡೂ ಕಡೆ 5 ನಿಮಿಷಕ್ಕೆ 2 ಪಿಕ್ಸೆಲ್ ಒಳಗೆ ಬಂದರೆ ಸಾಕು. 90 ಸೆಕೆಂಡಿನಲ್ಲಿ ಒಂದು ಪಿಕ್ಸೆಲ್ ಕೂಡ ಸರಿಯುವುದಿಲ್ಲ. ಆಮೇಲೆ ಟ್ರೈಪಾಡಿನ ಮೂರು ಕಾಲು ಎಲ್ಲಿ ನಿಂತಿವೆಯೋ ಅಲ್ಲಿ ಪೇಂಟ್‌ನಿಂದ ಗುರುತು ಹಾಕಿಬಿಡಿ, ಕಾಲಿನ ಉದ್ದವನ್ನೂ ಬದಲಿಸಬೇಡಿ. ಫೋಟೊ ಓಡುವಾಗ ತಾರಸಿ ಮೇಲೆ ಓಡಾಡಬೇಡಿ, ಅಷ್ಟೇ.

ಇದೆಲ್ಲ ಕೂಡಿಬರುವ ತನಕ 30 ಸೆಕೆಂಡಿನ ಫೋಟೊಗಳನ್ನೇ ಜಾಸ್ತಿ ತೆಗೆದು ಸಿರಿಲ್ ತಂತ್ರಾಂಶದಲ್ಲಿ ಸೇರಿಸಿ. ಎಂ42ರ (ನಿಮ್ಮ ಒರಾಯನ್ ನೆಬ್ಯುಲಾ) ನಡುಭಾಗ ಹೇಗೂ 90 ಸೆಕೆಂಡಿಗೆ ಬೆಳ್ಳಗೆ ಸುಟ್ಟುಹೋಗುತ್ತದೆ.

ರಾತ್ರಿಪಾಳಿ:

ಲ್ಯಾಪ್‌ಟಾಪ್ ಇದ್ದರೆ ಇಷ್ಟು ಒದ್ದಾಟ ಬೇಡ. ಆಕಾಶ ಫೋಟೊಗೆಂದೇ ಇರುವ ನೀನಾ ತಂತ್ರಾಂಶದಲ್ಲಿ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಅಂತ ಪ್ಲಗಿನ್ ಇದೆ. ಆಕಾಶದ ಯಾವ ಭಾಗವಾದರೂ ಸರಿ, ಮೂರು ಫೋಟೊ ತೆಗೆದು ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಕೈಯಲ್ಲೇ ತಿರುಗಿಸುವ ಟ್ರ್ಯಾಕರಿಗೂ ಆಗುತ್ತದೆ. ಮುಂದೆ ದೊಡ್ಡ ಈಕ್ವಟೋರಿಯಲ್ ಮೌಂಟ್ (ದೂರದರ್ಶಕ ಹೊರುವ ದೊಡ್ಡ ಟ್ರ್ಯಾಕರ್) ತಗೊಳ್ಳುವಾಗ ಅದರ ಅಕ್ಷ ನಮ್ಮ 12 ಡಿಗ್ರಿಗೆ ಇಳಿಯುತ್ತದಾ ಅಂತ ಕೇಳಿಯೇ ತಗೊಳ್ಳಿ. ಇಳಿದರೂ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ಬಡಿಯುವುದುಂಟು.

ಇಬ್ಬನಿಅಕ್ಕ:

ಊದಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಅದು ಇಬ್ಬನಿ, ತಮ್ಮಾ. ಮತ್ತೆ ಹಾಗಾದಾಗ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿನ ಮೇಲೆ ಸಣ್ಣ ಸಣ್ಣ ಹನಿಗಳ ಬಿಳಿ ಪೊರೆ ಕಂಡರೆ ಮುಗಿಯಿತು. ಗಾಜು ಸ್ವಚ್ಛವಾಗಿದ್ದರೆ ಮಾತ್ರ ಫೋಕಸ್ ಅನುಮಾನಿಸಿ. ಚಳಿ ಏರಿದಂತೆ ಫೋಕಸ್ ಸರಿಯುತ್ತದೆ, ಬಾಟಿನೋವ್ ಮಾಸ್ಕ್ (ಫೋಕಸ್ ನೋಡಲು ಲೆನ್ಸ್ ಮುಂದೆ ಇಡುವ ಸೀಳುಗಳ ತಟ್ಟೆ) ಹಾಕಿ ಮತ್ತೆ ಹಿಡಿದರಾಯಿತು.

ಲೆನ್ಸಿನ ಗಾಜು ಬಯಲು ಆಕಾಶಕ್ಕೆ ಮುಖ ಮಾಡಿ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಮ್ಮ ಗಾಳಿಯಲ್ಲಿ ತೇವ ಮೊದಲೇ ಜಾಸ್ತಿ, ತಣ್ಣನೆ ಗಾಜು ಸಿಕ್ಕಿದ ತಕ್ಷಣ ಅದರ ಮೇಲೆ ಕೂರುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ. ಗೀರು ಬೀಳುತ್ತದೆ, ಹತ್ತು ನಿಮಿಷಕ್ಕೆ ಇಬ್ಬನಿಯೂ ವಾಪಸ್ ಬರುತ್ತದೆ. ಯುಎಸ್‌ಬಿ ಡ್ಯೂ ಹೀಟರ್ ಪಟ್ಟಿ ತಗೊಂಡು ಲೆನ್ಸಿನ ಮುಂಭಾಗಕ್ಕೆ ಸುತ್ತಿ. ಇಬ್ಬನಿ ಬಿದ್ದ ಮೇಲೆ ಅಲ್ಲ, ಸಂಜೆಯೇ ಹಚ್ಚಿಡಿ. ಗಾಜು ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಸಾಕು. ಹುಡ್ ಕೂಡ ಇರಲಿ.

ಗದ್ದೆಗೆ ಮಾತ್ರ ಹೋಗಬೇಡಿ. ರಾತ್ರಿ ತಣ್ಣನೆ ಗಾಳಿ ಇಳಿಜಾರಿನಲ್ಲಿ ಹರಿದು ಗದ್ದೆಯಲ್ಲೇ ನಿಲ್ಲುತ್ತದೆ. ತಾರಸಿ ಮೇಲೆ ಬರೀ ಇಬ್ಬನಿಯಾದರೆ ಅಲ್ಲಿ ಪೂರ್ತಿ ಮಂಜು. ಮಂಜಿಗೆ ಯಾವ ಹೀಟರ್ ಪಟ್ಟಿಯೂ ಕೆಲಸ ಮಾಡಲ್ಲ. ಆನೆ ಓಡಾಡುವ ಕಡೆಯಾದರೆ ಕತ್ತಲಲ್ಲಿ ಕ್ಯಾಮೆರಾ ಪರದೆ ನೋಡುತ್ತಾ ನಿಲ್ಲುವ ಯೋಚನೆಯನ್ನೇ ಬಿಡಿ. ಉತ್ತರ ಕಾಣದೆ ಕೆಲಸ ಆಗುತ್ತದೆ ಅಂತ ಮೇಲೆ ಹೇಳಿದ್ದಾರಲ್ಲ.

ಕಾಫಿಕಣ:

ಟಾರ್ಚ್ ಹಾಕಿ ನೋಡಿದೆ ಅಕ್ಕಾ, ಪೊರೆ ಇತ್ತು. ಪಟ್ಟಿಗೆ ಪವರ್ ಬ್ಯಾಂಕ್ ಸಾಕಾಗುತ್ತದಾ? ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಒದ್ದೆಯಾದ ಲೆನ್ಸ್ ಹಾಗೇ ಬ್ಯಾಗಿಗೆ ಹಾಕಬಹುದಾ?

ಇಬ್ಬನಿಅಕ್ಕ:

20,000 ಎಂಎಎಚ್ ಪವರ್ ಬ್ಯಾಂಕಿನಿಂದ 10 ವಾಟಿನ ಪಟ್ಟಿ ಆರು ಗಂಟೆ ಓಡುತ್ತದೆ. ಅರ್ಧ ಉರಿಗೆ ಇಟ್ಟರೆ ಬೆಳಗಿನ ತನಕ. ಟ್ರ್ಯಾಕರಿಗೆ ಬೇರೆ ಪವರ್ ಬ್ಯಾಂಕ್ ಇರಲಿ, ಆದರೆ ಒಮ್ಮೆ ಪರೀಕ್ಷಿಸಿ. ಟ್ರ್ಯಾಕರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಕೆಲವು ಪವರ್ ಬ್ಯಾಂಕ್‌ಗಳು ಏನೂ ಹಾಕಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ.

ಒದ್ದೆ ಲೆನ್ಸ್ ಬ್ಯಾಗಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ. ಒಳಗೆ ತಂದು, ಹೀಟರ್ ಪಟ್ಟಿ ಇನ್ನೊಂದು ಗಂಟೆ ಹಾಗೇ ಉರಿಯಲಿ. ಪೂರ್ತಿ ಒಣಗಿದ ಮೇಲೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೊಂದು ಸಣ್ಣ ತೇವಮಾಪಕ ಹಾಕಿ, 40ರಿಂದ 50 ಶೇಕಡಾ ತೋರಿಸಿದರೆ ಸರಿ. ನೀಲಿ ಜೆಲ್ ಗುಲಾಬಿ ಆದರೆ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಿರಿ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ, ನೀಲಿ ಬಣ್ಣಕ್ಕೆ ಕೋಬಾಲ್ಟ್ ಹಾಕಿರುತ್ತಾರೆ. ಮಳೆಗಾಲದಲ್ಲಿ ಡಬ್ಬ ಮುಚ್ಚಿಟ್ಟು ಮರೆಯಬೇಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಜೆಲ್ ಬಣ್ಣ ಆಗಾಗ ನೋಡುತ್ತಿರಿ.